ಗೌರಿಯ ಬೆನ್ನಿಗೆ ಯಾವ ಸ್ಯಾಡಲ್? ಕಾನ್ಪುರದ ಚರ್ಮ, ಸೆಕೆಂಡ್ ಹ್ಯಾಂಡ್ ಸಿಂಥೆಟಿಕ್, ಟ್ರೀ ಇಲ್ಲದ್ದು

ಗೌರಿ ನನ್ನ ಕುದುರೆ. ಅವಳಿಗೆ ಈ ಮೂರೂ ಸ್ಯಾಡಲ್, ಅಂದರೆ ಜೀನು, ಹಾಕಿ ನೋಡಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನಾನು ಸಿಂಥೆಟಿಕ್ ಪಕ್ಷ. ಈಗ ಹಾಕುತ್ತಿರುವುದು 28,000 ರೂಪಾಯಿಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಫಾರಿನ್ ಸ್ಯಾಡಲ್. ಮುಂಭಾಗದ ಗಲೆಟ್ ಪ್ಲೇಟ್, ಅಂದರೆ ಅಗಲ ನಿರ್ಧರಿಸುವ ಲೋಹದ ಕಮಾನು, ಬದಲಾಯಿಸಬಹುದು. ನೋಡಲು ಚೆಂದ ಇಲ್ಲ. ಚರ್ಮದ ವಾಸನೆ ಇಲ್ಲ, ಹೊಳಪೂ ಇಲ್ಲ. ಆದರೆ ಇದನ್ನು ಎತ್ತಿಕೊಂಡು ಬಂದರೆ ಗೌರಿ ಕಿವಿ ಹಿಂದಕ್ಕೆ ಮಡಿಸುವುದಿಲ್ಲ, ಹೊಟ್ಟೆ ಉಬ್ಬಿಸಿಕೊಳ್ಳುವುದಿಲ್ಲ. ಬಾಕಿ ಎರಡಕ್ಕೂ ಮಾಡುತ್ತಿದ್ದಳು.

ಗೌರಿ ಥರೋಬ್ರೆಡ್, ಅಂದರೆ ರೇಸಿನ ತಳಿ, ರೇಸ್ ಓಡಿ ನಿವೃತ್ತಿಯಾದವಳು. ಬೆಂಗಳೂರು, ಮೈಸೂರು ಕಡೆ ಸ್ವಂತಕ್ಕೆ ಕುದುರೆ ಇಟ್ಟುಕೊಂಡಿರುವ ನಮ್ಮಂಥವರ ಹತ್ತಿರ ಇಂಥವೇ ಜಾಸ್ತಿ. ಟ್ರ್ಯಾಕ್ ಬಿಟ್ಟ ಮೇಲೆ ಕಡಿಮೆಗೆ ಸಿಗುತ್ತವೆ ಅನ್ನುವುದು ಒಂದು ಕಾರಣ. ಇವುಗಳ ಬೆನ್ನಿನದೇ ತಕರಾರು. ಕುತ್ತಿಗೆ ಮುಗಿದು ಬೆನ್ನು ಶುರುವಾಗುವಲ್ಲಿ ಒಂದು ಏಣು ಎದ್ದಿರುತ್ತದಲ್ಲ, ವಿದರ್ಸ್ ಅನ್ನುತ್ತೇವೆ, ಅದು ಇವಕ್ಕೆ ಎತ್ತರ, ಚೂಪು. ಅದರ ಹಿಂದೆ ಎರಡೂ ಬದಿ ಗುಳಿ. ರೇಸಿನಲ್ಲಿ ಜಾಕಿ ಹಾಕುವ ಹಗುರ ಸ್ಯಾಡಲ್ ಅರ್ಧ ಕಿಲೋ ಕೂಡ ತೂಗುವುದಿಲ್ಲ. ಓಟದಲ್ಲಿ ಅವನು ಅದರ ಮೇಲೆ ಕೂರುವುದೂ ಇಲ್ಲ, ಸ್ಟಿರಪ್ (ಕಾಲಿಡುವ ಲೋಹದ ಬಳೆ) ಮೇಲೆ ನಿಂತಿರುತ್ತಾನೆ. ಈಗ ಆ ಬೆನ್ನಿನ ಮೇಲೆ 78 ಕಿಲೋದ ನಾನು ಕೂರಬೇಕು. ಮೇವು, ಕೆಲಸ ಎರಡೂ ಬದಲಾದ ಮೇಲೆ ಬೆನ್ನು ನಿಧಾನಕ್ಕೆ ತುಂಬಿಕೊಳ್ಳುತ್ತಾ ಹೋಗುತ್ತದೆ. ಬೇಸಿಗೆಯಲ್ಲಿ ಸರಿಯಾಗಿ ಕೂತ ಸ್ಯಾಡಲ್ ದೀಪಾವಳಿ ಹೊತ್ತಿಗೆ ಬಿಗಿ.

ಕಾನ್ಪುರದ ಚರ್ಮದ ಸ್ಯಾಡಲ್ ಗೌರಿ ಜೊತೆಗೇ ಬಂದದ್ದು. ಹಳೆಯ ಮಾಲೀಕರು ಹೊಸದಾಗಿ 16,000ಕ್ಕೆ ತರಿಸಿದ್ದರಂತೆ. ಕಾನ್ಪುರ ಅಂದರೆ ತಾತ್ಸಾರ ಮಾಡುವವರು ಇದ್ದಾರೆ, ಅದು ಬೇಡ. 1860ರ ದಶಕದಲ್ಲಿ ಬ್ರಿಟಿಷರು ಸೈನ್ಯದ ಕುದುರೆಗಳಿಗೆ ಜೀನು, ಪಟ್ಟಿ ಮಾಡಿಸಲು ಕಾರ್ಖಾನೆ ಹಾಕಿದ ಊರು ಅದು. ಇವತ್ತಿಗೂ ಅಲ್ಲಿನ ಮಾಲು ಯುರೋಪು, ಅಮೆರಿಕಕ್ಕೆ ಹೋಗುತ್ತದೆ, ಆ ಊರಿನದೇ ಮಾಲು ಅಂತ ಗುರುತಿಸುವ ಜಿಐ ಟ್ಯಾಗ್ ಕೂಡ ಇದೆ. ಈ ಸ್ಯಾಡಲ್‌ನ ಹೊಲಿಗೆಯಲ್ಲಿ ನನಗೇನೂ ದೂರಿಲ್ಲ. ಸೀಟು ಮೆತ್ತಗಿದೆ. ಆದರೆ ಒಳಗಿನ ಟ್ರೀ, ಅಂದರೆ ಇಡೀ ಸ್ಯಾಡಲ್ ನಿಂತಿರುವ ಚೌಕಟ್ಟು, ಮೀಡಿಯಂ ಅಗಲದ್ದು. ಅದು ಹಾಗೇ ಇರುತ್ತದೆ. ಹಿಗ್ಗಿಸಲು ಕುಗ್ಗಿಸಲು ಆಗಲ್ಲ.

ಮೇಲೆ ಯಾರೂ ಇಲ್ಲದಾಗ ವಿದರ್ಸ್ ಮತ್ತು ಸ್ಯಾಡಲ್ ಕಮಾನಿನ ನಡುವೆ ಮೂರು ಬೆರಳು ಆರಾಮಾಗಿ ಹೋಗುತ್ತಿತ್ತು. ನಾನು ಕೂತ ಮೇಲೆ ಒಂದು ಬೆರಳನ್ನೂ ತುರುಕಬೇಕು. ಅಳತೆ ನೋಡುವುದಾದರೆ ಯಾವಾಗಲೂ ಸವಾರ ಕೂತ ಮೇಲೆಯೇ ನೋಡಿ. ಲಾಯದಲ್ಲಿ ಎಲ್ಲರೂ ಕೊಡುವ ಸಲಹೆ ಒಂದೇ, ‘ಕೆಳಗೆ ಇನ್ನೊಂದು ಪ್ಯಾಡ್ ಹಾಕಿ’. ಅಗಲವಾದ ಟ್ರೀಗೆ ಅದು ಸ್ವಲ್ಪ ದಿನ ನಡೆಯುತ್ತದೆ. ಬಿಗಿಯಾದದ್ದಕ್ಕೆ ಹಾಕಿದರೆ ಕಚ್ಚುವ ಶೂಗೆ ದಪ್ಪ ಸಾಕ್ಸ್ ಹಾಕಿದ ಹಾಗೆ. ಗೌರಿಗೆ ಮೊದಮೊದಲು ಇದು ಅಗಲವಾಗಿತ್ತು, ಪ್ಯಾಡ್ ಹಾಕಿ ಓಡಿಸಿದೆವು. ಆಮೇಲೆ ಮೈ ತುಂಬಿಕೊಂಡಳು. ಸವಾರಿ ಮುಗಿಸಿ ಸ್ಯಾಡಲ್ ಇಳಿಸಿದರೆ ಬೆನ್ನೆಲ್ಲ ಬೆವರು, ಹೆಗಲ ಹಿಂದೆ ಎರಡೂ ಕಡೆ ಅಂಗೈ ಅಗಲದ ಜಾಗ ಮಾತ್ರ ಒಣ. ಒಣಗಿದೆ ಅಂತ ಖುಷಿಪಡುವ ವಿಷಯ ಅಲ್ಲ ಅದು. ಒತ್ತಡಕ್ಕೆ ಅಲ್ಲಿ ಬೆವರೇ ಬರುತ್ತಿಲ್ಲ ಅಂತ ಅರ್ಥ. ಹಾಗೇ ಬಿಟ್ಟರೆ ಅಲ್ಲಿ ಬಿಳಿ ಕೂದಲು ಹುಟ್ಟುತ್ತದೆ. ಮಾರಾಟಕ್ಕೆ ಬಂದ ಕುದುರೆಯ ಹೆಗಲ ಹಿಂದೆ ಬಿಳಿ ಚುಕ್ಕೆ ಕಂಡರೆ ಅದು ಹುಟ್ಟುಗುರುತು ಅಂತ ಹೇಳಿದವರ ಮಾತು ಸುಮ್ನೆ ಕೇಳಿಸಿಕೊಳ್ಳಿ, ನಂಬಬೇಡಿ.

ಇಷ್ಟಾದರೂ ಅಗಲದ ವಿಷಯ ಎಲ್ಲರೂ ಮಾತಾಡುತ್ತಾರೆ. ನನ್ನ ತಲೆ ತಿಂದದ್ದು ಗರ್ತ್, ಹೊಟ್ಟೆ ಕೆಳಗಿನಿಂದ ಕಟ್ಟುವ ಪಟ್ಟಿ. ಅದರ ಬಗ್ಗೆ ಅಂಗಡಿಯವರಾಗಲಿ ತರಬೇತಿ ಕೊಡುವವರಾಗಲಿ ಒಂದು ಮಾತು ಹೇಳಿರಲಿಲ್ಲ.

ಬೆಳಿಗ್ಗೆ ಸ್ಯಾಡಲ್ ಸರಿಯಾದ ಜಾಗದಲ್ಲಿಟ್ಟು ಬಿಗಿಯುತ್ತಿದ್ದೆವು. ಹೆಗಲ ಮೂಳೆಯಿಂದ ಎರಡು ಮೂರು ಬೆರಳು ಹಿಂದೆ, ಪುಸ್ತಕದಲ್ಲಿ ಹೇಳಿದ ಹಾಗೆ. ಹತ್ತು ನಿಮಿಷ ನಡೆಸಿದರೆ ಸ್ಯಾಡಲ್ ಮುಂದಕ್ಕೆ ಬಂದು ಹೆಗಲ ಮೇಲೆ ಕೂತಿರುತ್ತಿತ್ತು. ಕೆರೆ ಏರಿಯಿಂದ ಕೆಳಗಿಳಿಯುವಾಗ ಗೌರಿ ಪುಟ್ಟ ಪುಟ್ಟ ಹೆಜ್ಜೆ ಇಡುತ್ತಿದ್ದಳು, ಒಮ್ಮೊಮ್ಮೆ ನಿಂತೇಬಿಡುತ್ತಿದ್ದಳು. ಸೋಮಾರಿ ಅಂದರು, ಗೊರಸು ನೋಯುತ್ತಿರಬೇಕು ಅಂದರು. ಲಾಳ ತೆಗೆಸಿ ಹೊಸದು ಹೊಡೆಸಿದ್ದೂ ಆಯಿತು. ಕೊನೆಗೆ ಹೇಳಿದ್ದು ನಮ್ಮ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವನು. “ಇದು ಮುಂದಕ್ಕೆ ಓಡ್ತಾ ಇದೆ ಸಾರ್. ಮೇಲೆ ಕೂತ್ರೆ ನಿಮಗೆ ಗೊತ್ತಾಗಲ್ಲ. ಇಳಿದು ಬನ್ನಿ, ನಾನು ನಡೆಸ್ತೀನಿ, ನೀವು ಪಟ್ಟಿ ನೋಡಿ.”

ಇಳಿದು ನೋಡಿದೆ. ಮುಂಗಾಲಿನ ಮೊಣಕೈ ಹಿಂದೆ, ಪಕ್ಕೆಲುಬು ಅಗಲವಾಗುವ ಮುಂಚೆ, ಎದೆ ಕಿರಿದಾದ ಒಂದು ಜಾಗ ಇರುತ್ತದೆ. ಎಲ್ಲಿ ಬಿಗಿದರೂ ಗರ್ತ್ ಕೊನೆಗೆ ಹೋಗಿ ಕೂರುವುದು ಅಲ್ಲೇ. ಕೆಲವು ಕುದುರೆಗೆ ಆ ಜಾಗ ಸ್ಯಾಡಲ್ ಪಟ್ಟಿಗಳ, ಅಂದರೆ ಗರ್ತ್‌ನ ಬಕಲ್ ಸಿಕ್ಕಿಸುವ ಪಟ್ಟಿಗಳ, ನೇರ ಕೆಳಗಿರುತ್ತದೆ, ಅವರ ಪುಣ್ಯ. ಗೌರಿಗೆ ಅದು ತುಂಬಾ ಮುಂದೆ, ಮೊಣಕೈಗೆ ತಾಗಿಕೊಂಡ ಹಾಗೆ. ಅವಳು ನಡೆದಂತೆ ಗರ್ತ್ ಮುಂದಕ್ಕೆ ಜಾರಿ ತನ್ನ ಜಾಗ ಸೇರುತ್ತದೆ, ಜೊತೆಗೆ ಸ್ಯಾಡಲನ್ನೂ ಎಳೆದುಕೊಳ್ಳುತ್ತದೆ. ಕುದುರೆ ಮುಂಗಾಲು ಚಾಚಿದಾಗ ಹೆಗಲ ಮೂಳೆಯ ಮೇಲ್ತುದಿ ಹಿಂದಕ್ಕೆ ತಿರುಗುತ್ತದೆ. ಅಲ್ಲಿ ಟ್ರೀಯ ಗಟ್ಟಿ ತುದಿ ಕಾದು ಕೂತಿದ್ದರೆ ಪ್ರತಿ ಹೆಜ್ಜೆಗೂ ಒಂದು ಗುದ್ದು. ಇಳಿಜಾರಿನಲ್ಲಿ ನನ್ನ ಭಾರವೂ ಮುಂದಕ್ಕೆ ಸೇರಿಕೊಳ್ಳುತ್ತದೆ. ಪುಟ್ಟ ಹೆಜ್ಜೆ ಇಡದೆ ಅವಳು ಇನ್ನೇನು ಮಾಡಬೇಕಿತ್ತು?

ಇನ್ನೂ ಬಿಗಿ ಕಟ್ಟಿ ಅಂದರು. ಬಿಗಿದಷ್ಟೂ ಬೇಗ ಜಾರಿತು, ಜೊತೆಗೆ ಎದೆ ಪಕ್ಕ ಕೂದಲು ಕಿತ್ತು ಕೆಂಪಾಯಿತು. ಹಗ್ಗದ ಗರ್ತ್ ತಂದೆ, ಗಾಳಿ ಆಡುತ್ತದೆ ಅಂತ. ಅದರ ಎಳೆಗಳ ನಡುವೆ ಚರ್ಮ ಸಿಕ್ಕಿ ಚಿವುಟಿತು. ನಿಯೋಪ್ರೀನ್, ಅಂದರೆ ರಬ್ಬರಿನಂಥದ್ದು, ಜಾರಲಿಲ್ಲ, ನಿಜ. ಆದರೆ ಏಪ್ರಿಲ್ ಬಿಸಿಲಿಗೆ ಒಳಗೆ ಬೆಂದು ಗುಳ್ಳೆ ಎದ್ದವು. ಒಂದೊಂದು ಗರ್ತ್ 1,500ರಿಂದ 3,000 ರೂಪಾಯಿ. ಲಾಯದ ಗೂಟದ ಮೇಲೆ ನನ್ನ ಗರ್ತ್‌ಗಳದೇ ಒಂದು ಅಂಗಡಿ.

ಪರಿಹಾರ ಎರಡು ಕಡೆಯಿಂದ ಬಂತು. ಒಂದು, ನಡುವೆ ಮುಂದಕ್ಕೆ ಬಾಗಿದ ಗರ್ತ್. ಅದರ ಮಧ್ಯಭಾಗ ಮುಂದಿನ ಕಿರಿದಾದ ಜಾಗದಲ್ಲಿ ಕೂರುತ್ತದೆ, ಬಕಲ್ ಇರುವ ತುದಿಗಳು ಹಿಂದೆ, ಸ್ಯಾಡಲ್ ಪಟ್ಟಿಗಳ ನೇರಕ್ಕೆ ಇರುತ್ತವೆ. ಮೊಣಕೈ ಹತ್ತಿರ ಕತ್ತರಿಸಿದ ಹಾಗೆ ಒಳಕ್ಕೆ ಸರಿದಿರುವುದರಿಂದ ಉಜ್ಜುವುದಿಲ್ಲ. ಎರಡನೆಯದು ಸ್ಯಾಡಲ್‌ನದೇ. ಕಾನ್ಪುರದ್ದಕ್ಕೆ ಮೂರು ಪಟ್ಟಿ, ಮೂರೂ ಹತ್ತಿರ ಹತ್ತಿರ, ನೇರ ಕೆಳಗೆ. ಸಿಂಥೆಟಿಕ್‌ನಲ್ಲಿ ಟ್ರೀಯ ಮುಂದಿನ ತುದಿಯಿಂದಲೇ ಇಳಿಯುವ ಒಂದು ಪಟ್ಟಿ ಜಾಸ್ತಿ ಇದೆ. ಅದನ್ನೂ ಹಿಂದಿನದನ್ನೂ ಸೇರಿಸಿ ಕಟ್ಟಿದರೆ ಎಳೆತ ಮುಂದಿನ ತುದಿಯಿಂದ ಬೀಳುತ್ತದೆ, ಸ್ಯಾಡಲ್ ಇದ್ದಲ್ಲೇ ಇರುತ್ತದೆ. ಕೆರೆ ಏರಿ ಇಳಿದು ಬಂದ ಮೇಲೆ ಸೈಸ್ ಬೆರಳಿಟ್ಟು ನೋಡಿದ. ಹೆಗಲ ಹಿಂದೆ ಅದೇ ಎರಡು ಬೆರಳು ಜಾಗ. ನಾನು ಸಿಂಥೆಟಿಕ್ ಪಕ್ಷ ಸೇರಿದ್ದು ಅವತ್ತು.

ಗಲೆಟ್ ಪ್ಲೇಟ್ ವಿಷಯ. ಸೀಟಿನ ಮುಂಭಾಗ ತೆರೆದರೆ ಲೋಹದ ಕಮಾನು ಕಾಣುತ್ತದೆ. ಸ್ಕ್ರೂ ಬಿಚ್ಚಿ ಬೇರೆ ಅಗಲದ್ದು ಹಾಕಬಹುದು. ಬೆಳಕಿರುವ ಕಡೆ, ಕೆಳಗೆ ಬಟ್ಟೆ ಹಾಸಿಕೊಂಡು ಮಾಡಿ. ಸ್ಕ್ರೂ ಹುಲ್ಲಿಗೆ ಬಿದ್ದರೆ ಅಷ್ಟೇ ಕತೆ. ಒಂದು ಎಚ್ಚರಿಕೆ ಕೂಡ. ಬದಲಾಗುವುದು ಮುಂದಿನ ಅಗಲ ಮಾತ್ರ. ಕುದುರೆಯ ಬೆನ್ನು ನಡುವೆ ತಗ್ಗಿದ್ದು ಸ್ಯಾಡಲ್ ತಳ ಚಪ್ಪಟೆ ಇದ್ದರೆ ಮುಂದೆ ಹಿಂದೆ ಮಾತ್ರ ತಾಗಿ ನಡುವೆ ಸೇತುವೆ ಕಟ್ಟುತ್ತದೆ, ಅದಕ್ಕೆ ಪ್ಲೇಟ್ ಬದಲಾಯಿಸಿದರೆ ಪ್ರಯೋಜನ ಇಲ್ಲ. ಕೊಳ್ಳುವ ಮುಂಚೆ ಪ್ಯಾಡ್ ಇಲ್ಲದೆ ಬರೀ ಬೆನ್ನಿನ ಮೇಲಿಟ್ಟು, ತಳದಲ್ಲಿ ಅಂಗೈ ಹಾಯಿಸಿ ನೋಡಿ. ಒಂದೇ ಸಮ ಒತ್ತಬೇಕು. ಹಾಗೇ ಕೊನೆಯ ಪಕ್ಕೆಲುಬು ಎಲ್ಲಿದೆ ಅಂತ ಬೆರಳಲ್ಲಿ ಹುಡುಕಿ. ಸ್ಯಾಡಲ್ ಅದಕ್ಕಿಂತ ಹಿಂದಕ್ಕೆ ಹೋಗಬಾರದು.

ಸೈನ್ಯದವರಿಗೂ ಇದೇ ತಾಪತ್ರಯ ಇತ್ತು. ದಂಡಯಾತ್ರೆಯಲ್ಲಿ ಕುದುರೆ ಸೊರಗುತ್ತದೆ, ಸ್ಯಾಡಲ್ ಸೊರಗಲ್ಲ. ಅದಕ್ಕೇ ಬ್ರಿಟಿಷರ ಕಾಲದ ಸಿಪಾಯಿ ಜೀನಿನ ಕೆಳಗೆ ಕಂಬಳಿ ಮಡಿಸಿ ಹಾಕುತ್ತಿದ್ದರು. ಕುದುರೆ ಸೊರಗಿದರೆ ಇನ್ನೊಂದು ಮಡಿಕೆ. ನಮ್ಮ ಪ್ಲೇಟಿಗಿಂತ ಅಗ್ಗ.

ಮಳೆಗಾಲದ ಬಗ್ಗೆ ಹೇಳದಿದ್ದರೆ ಹೋಲಿಕೆ ಪೂರ್ತಿ ಆಗಲ್ಲ. ಜುಲೈ, ಆಗಸ್ಟಿನಲ್ಲಿ ಚರ್ಮದ ಸ್ಯಾಡಲ್ ನಾಲ್ಕು ದಿನ ಮುಟ್ಟದಿದ್ದರೆ ಬೂಷ್ಟು. ನಮ್ಮ ಕಡೆಯೇ ಹೀಗೆ, ಸಕಲೇಶಪುರ, ಮಡಿಕೇರಿಯವರ ಪಾಡು ಕೇಳಲೇಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ನೆರಳಲ್ಲಿ ಗಾಳಿಗಿಡಬೇಕು, ಸ್ಯಾಡಲ್ ಸೋಪು ಹಚ್ಚಬೇಕು. ಬಿಸಿಲಿಗೆ ಇಟ್ಟರೆ ಬಿರುಕು, ಪ್ಲಾಸ್ಟಿಕ್ ಮುಚ್ಚಿದರೆ ಮತ್ತೆ ಬೂಷ್ಟು. ಹಳೆ ಪಂಚೆ ಹೊದಿಸಿದರೆ ಸಾಕು. ಎಣ್ಣೆ ಜಾಸ್ತಿ ಕುಡಿಸಿದರೆ ಗರ್ತ್ ಪಟ್ಟಿಗಳು ಹಿಗ್ಗಿ ತೂತುಗಳು ಉದ್ದವಾಗುತ್ತವೆ. ಪ್ರೀತಿಯಿಂದ ಮಾಡುವವರಿಗೆ ಇದೊಂದು ಪೂಜೆ. ನಾನು ಎಂಟೂವರೆಗೆ ಆಫೀಸಿಗೆ ಹೊರಡಬೇಕು. ಸಿಂಥೆಟಿಕ್‌ಗೆ ಪೈಪಲ್ಲಿ ನೀರು ಬಿಟ್ಟು ಬ್ರಷ್ ಆಡಿಸಿದರೆ ಮುಗಿಯಿತು.

ಅದರ ದೋಷಗಳೂ ಇವೆ. ಸೀಟಿನ ಬಟ್ಟೆ ಹುಲ್ಲಿನ ಧೂಳು, ಕೂದಲು ಎಲ್ಲ ಹಿಡಿದುಕೊಳ್ಳುತ್ತದೆ. ಮೇ ತಿಂಗಳಲ್ಲಿ ಕೆಳಗೆ ಕಾವು ಜಾಸ್ತಿ, ಹತ್ತಿಯ ಪ್ಯಾಡ್ ಬೇಕೇ ಬೇಕು. ಕಿರಕಿರ ಸದ್ದು ಬೇರೆ. ಗೌರಿಗೆ ಅಭ್ಯಾಸ ಆಗಿದೆ, ನನಗೆ ಇನ್ನೂ ಇಲ್ಲ.

ಟ್ರೀ ಇಲ್ಲದ್ದನ್ನು ಗೆಳೆಯರೊಬ್ಬರಿಂದ ಎರವಲು ತಂದೆ. ಹಗುರ, ಮೆತ್ತಗೆ, ಎಲ್ಲ ಕುದುರೆಗೂ ಆಗುತ್ತದೆ ಅಂತ ಹೇಳುತ್ತಾರೆ. ಗುಂಡಗಿನ ಬೆನ್ನಿನ ಪೋನಿಗೆ, ಹಗುರ ಸವಾರರಿಗೆ ಆಗಬಹುದು. ಚೂಪು ಬೆನ್ನಿನ ಗೌರಿಯ ಮೇಲೆ ಇದು ನೇರ ಬೆನ್ನುಮೂಳೆಗೇ ತಾಗಿತು. ಸ್ಟಿರಪ್ ತೂಗುವ ಜಾಗದಲ್ಲಿ ಭಾರವೆಲ್ಲ ಒಂದೇ ಕಡೆ ಬೀಳುತ್ತದೆ. ನೆಲದಿಂದ ಹತ್ತಲು ಹೋದರೆ ಸ್ಯಾಡಲ್ಲೇ ನನ್ನ ಕಡೆ ತಿರುಗಿತು. ದಪ್ಪನೆಯ ವಿಶೇಷ ಪ್ಯಾಡ್ ಕೊಂಡರೆ ಸರಿಹೋಗುತ್ತದೆ ಅಂದರು. ವಾಪಸ್ ಕೊಟ್ಟೆ.

ಇನ್ನು ಸವಾರನ ಆರಾಮ. ಕೂತಾಗ ಹಿಂದೆ ನಾಲ್ಕು ಬೆರಳು ಜಾಗ ಉಳಿಯಬೇಕು, ಮೊಣಕಾಲು ಫ್ಲ್ಯಾಪ್, ಅಂದರೆ ಪಕ್ಕಕ್ಕೆ ಇಳಿಬಿದ್ದ ಭಾಗದ, ಅಂಚು ದಾಟಬಾರದು. ನನಗೆ ಹದಿನೇಳೂವರೆ ಇಂಚಿನ ಸೀಟು ಬೇಕು. ಕಾನ್ಪುರದ್ದು ಹದಿನೇಳು, ಫ್ಲ್ಯಾಪೂ ಗಿಡ್ಡ, ಸ್ಟಿರಪ್ ಗಿಡ್ಡ ಮಾಡಿದರೆ ಮೊಣಕಾಲು ಹೊರಗೆ. ಆದರೂ ಸೀಟಿನ ಮೆತ್ತನೆಯಲ್ಲಿ ಕಾನ್ಪುರದ್ದೇ ಗೆಲ್ಲುತ್ತದೆ, ಒಪ್ಪಿಕೊಳ್ಳಲೇಬೇಕು.

ಸ್ಟಿರಪ್ ಸ್ಟೀಲಿನದೇ ತೆಗೆದುಕೊಳ್ಳಿ, ಬೂಟಿಗಿಂತ ಒಂದು ಇಂಚು ಅಗಲ ಇರಲಿ. ಕಿರಿದಾದರೆ ಬಿದ್ದಾಗ ಕಾಲು ಸಿಕ್ಕಿಕೊಳ್ಳುತ್ತದೆ, ತೀರಾ ಅಗಲವಾದರೆ ಕಾಲೇ ಒಳಗೆ ಜಾರಿಹೋಗುತ್ತದೆ. ಎಡಗಡೆಯಿಂದಲೇ ಹತ್ತುವುದರಿಂದ ಎಡಗಡೆಯ ಸ್ಟಿರಪ್ ಪಟ್ಟಿ ಹಿಗ್ಗುತ್ತದೆ, ಆಗಾಗ ಎಡದ್ದು ಬಲಕ್ಕೆ ಬದಲಾಯಿಸಿ.

ಬ್ರೈಡಲ್ (ತಲೆಗೆ ಕಟ್ಟುವ ಪಟ್ಟಿಗಳು), ಲಗಾಮು ಮಾತ್ರ ಕಾನ್ಪುರದ ಚರ್ಮದ್ದೇ ಇಟ್ಟುಕೊಂಡಿದ್ದೇನೆ. ಅಷ್ಟು ಬೆಲೆಗೆ ಅದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ. ಕಪ್ಪು ಸ್ಯಾಡಲ್, ಕಂದು ಬ್ರೈಡಲ್. ಷೋಗೆ ಹೋಗುವವರು ನಗುತ್ತಾರೆ. ನಾನು ಹೋಗುವುದು ನೀಲಗಿರಿ ತೋಪಿನ ಕಡೆ, ಅಲ್ಲಿ ಯಾರು ನೋಡುತ್ತಾರೆ ಅಲ್ವಾ?

ನಿಮಗೆ ಪಂದ್ಯಗಳಿದ್ದರೆ, ಕುದುರೆಯ ಮೈ ಬದಲಾಗದೆ ನಿಂತಿದ್ದರೆ, ಸ್ಯಾಡಲ್ ತಳದ ಉಣ್ಣೆ ತೆಗೆದು ಮತ್ತೆ ತುಂಬಿಕೊಡುವ ಕೈ ಹತ್ತಿರದಲ್ಲಿದ್ದರೆ ಒಳ್ಳೆಯ ಚರ್ಮದ್ದಕ್ಕೇ ಹೋಗಿ. ನನ್ನ ಹಾಗೆ ಬೆಳಿಗ್ಗೆ ಒಂದು ಗಂಟೆ ಸವಾರಿ, 30,000ದೊಳಗೆ ಬಜೆಟ್, ರೇಸಿನಿಂದ ಬಂದ ಕುದುರೆ ಅಂದರೆ ಸೆಕೆಂಡ್ ಹ್ಯಾಂಡ್ ಸಿಂಥೆಟಿಕ್, ಜೊತೆಗೆ ಬಾಗಿದ ಗರ್ತ್. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವಾಗ ಮೊದಲು ಪಟ್ಟಿಗಳ ಬುಡದ ಹೊಲಿಗೆ ಜಗ್ಗಿ ನೋಡಿ. ಆಮೇಲೆ ಸ್ಯಾಡಲ್‌ನ ಮುಂಭಾಗವನ್ನು ಹೊಟ್ಟೆಗೆ ಆನಿಸಿಕೊಂಡು ಹಿಂದಿನ ತುದಿಯನ್ನು ಎರಡೂ ಕೈಯಲ್ಲಿ ನಿಮ್ಮ ಕಡೆ ಎಳೆಯಿರಿ. ಸ್ವಲ್ಪ ಬಾಗಿ ವಾಪಸ್ ಹೋದರೆ ಸರಿ. ಸೀಟಿನ ನಡುವೆ ಅಡ್ಡ ಮಡಿಕೆ ಬಿದ್ದರೆ, ಒಳಗೆ ಕಟಕ್ ಅಂದರೆ ಟ್ರೀ ಮುರಿದಿದೆ. ಐದು ಸಾವಿರಕ್ಕೆ ಕೊಡುತ್ತೇನೆ ಅಂದರೂ ಬೇಡ ಅನ್ನಿ.