ಒಂದೇ ವಯಸ್ಸಿನ ಎರಡು ಫೋನ್‌ಗಳು

ನನ್ನ ಬಳಿ ಹೆಚ್ಚುಕಡಿಮೆ ಒಂದೇ ವಯಸ್ಸಿನ ಎರಡು ಫೋನ್‌ಗಳಿವೆ. ಒಂದಕ್ಕೆ ತಯಾರಕರು ಮೂರೇ ವರ್ಷಕ್ಕೆ ಅಪ್‌ಡೇಟ್ ನಿಲ್ಲಿಸಿದರು. ಪರದೆಯ ಮೇಲೆ ಒಂದು ಗೀರೂ ಇರಲಿಲ್ಲ, ಬ್ಯಾಟರಿಯೂ ಸಂಜೆಯವರೆಗೆ ಬರುತ್ತಿತ್ತು. ಬೇರೆ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಳ್ಳೋಣವೆಂದರೆ, ಫೋನ್ ಆನ್ ಆದಾಗ ವ್ಯವಸ್ಥೆಯನ್ನು ಎಬ್ಬಿಸುವ ತಂತ್ರಾಂಶವಾದ ಬೂಟ್‌ಲೋಡರಿನ ಬೀಗ ತೆರೆಯುವ ದಾರಿಯನ್ನೇ ಅವರು ಇಟ್ಟಿಲ್ಲ. ಇನ್ನೊಂದರಲ್ಲಿ ಆ ದಾರಿ ಇತ್ತು. ಅದಕ್ಕೆ ಆಂಡ್ರಾಯ್ಡ್ ಆಧರಿಸಿದ ಮುಕ್ತ ವ್ಯವಸ್ಥೆಯಾದ ಲೀನಿಯೇಜ್ ಓಎಸ್ ಹಾಕಿ, ಒಂದು ವರ್ಷದಿಂದ ಎರಡನ್ನೂ ಬಳಸುತ್ತಿದ್ದೇನೆ.

ಹಾಕುವುದಕ್ಕೆ ಒಂದು ಸಂಜೆ ಹಿಡಿಯಿತು. ಬೂಟ್‌ಲೋಡರ್ ತೆರೆದೊಡನೆ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಕದ್ದವರ ಕೈಗೆ ಮಾಹಿತಿ ಸಿಗಬಾರದೆಂದು ಮಾಡಿರುವ ಏರ್ಪಾಡು ಅದು. ಚಿತ್ರಗಳನ್ನೂ ಸಂಪರ್ಕಗಳನ್ನೂ ಮೊದಲೇ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಲೇಬೇಕು.

ಲೀನಿಯೇಜ್ ಹಾಕಿದ ಈ ಮುಕ್ತ ಫೋನಿನ ನಿಜವಾದ ಬಲ ಆಯುಷ್ಯದಲ್ಲಿದೆ. 2016ರ ಡಿಸೆಂಬರಿನಲ್ಲಿ ಸಯನೋಜೆನ್‌ಮಾಡ್ ಎಂಬ ಇಂಥದೇ ವ್ಯವಸ್ಥೆ ನಿಂತುಹೋದಾಗ ಅದರ ಆಕರ ಸಂಕೇತ (ಸೋರ್ಸ್ ಕೋಡ್) ಎಲ್ಲರ ಕೈಯಲ್ಲೂ ಇತ್ತು. ಅದನ್ನೇ ಹಿಡಿದು ಮುಂದುವರಿದದ್ದು ಲೀನಿಯೇಜ್. ನನ್ನ ಬೀಗ ಹಾಕಿದ ಫೋನಿಗೆ ಅಂಥ ವಾರಸುದಾರರು ಹುಟ್ಟುವ ಅವಕಾಶವೇ ಇಲ್ಲ. ಹಾಗೆಂದು ಮುಕ್ತ ಫೋನ್ ಪೂರ್ತಿ ಮುಕ್ತವೂ ಅಲ್ಲ. ಮೊಬೈಲ್ ಜಾಲಕ್ಕೆ ಜೋಡಿಸುವ ಮೋಡೆಮ್‌ನ ಒಳಗಿನ ತಂತ್ರಾಂಶ, ಅಂದರೆ ಫರ್ಮ್‌ವೇರ್, ಚಿಪ್ ತಯಾರಕರದೇ. ಅವರು ತಿದ್ದುವುದನ್ನು ನಿಲ್ಲಿಸಿದರೆ ಅಲ್ಲಿನ ಭದ್ರತೆಯ ಬಿರುಕುಗಳನ್ನು ಲೀನಿಯೇಜ್ ಮುಚ್ಚಲಾರದು.

ಕ್ಯಾಮೆರಾದಲ್ಲಿ ಬೀಗದ ಫೋನೇ ಮುಂದು. ಮಂದ ಬೆಳಕಿನಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಆ್ಯಪ್‌ಗಳ ವಿಷಯದಲ್ಲಿ ನನ್ನ ಒಲವು ಮುಕ್ತ ಆ್ಯಪ್‌ಗಳ ಭಂಡಾರವಾದ ಎಫ್-ಡ್ರಾಯ್ಡ್ ಕಡೆಗೆ. ಯಾವುದಾದರೂ ಆ್ಯಪ್ ಜಾಹೀರಾತು ತೋರಿಸುತ್ತಿದ್ದರೆ, ಬಳಕೆದಾರರ ಜಾಡು ಹಿಡಿಯುತ್ತಿದ್ದರೆ, ಹಾಕಿಕೊಳ್ಳುವ ಮೊದಲೇ ಅದರ ಪುಟದಲ್ಲಿ ಎಚ್ಚರಿಕೆ ಬರೆದಿರುತ್ತದೆ.

ಮುಕ್ತ ಫೋನ್ ನನ್ನನ್ನು ಸೋಲಿಸಿದ್ದು ಬ್ಯಾಂಕ್ ಆ್ಯಪ್‌ನಲ್ಲಿ. ಬೂಟ್‌ಲೋಡರ್ ತೆರೆದಿರುವುದನ್ನು ಕಂಡು ಅದು ಬಾಗಿಲು ಹಾಕಿತು. ತೆರೆದ ಬೂಟ್‌ಲೋಡರ್‌ನಲ್ಲಿ ಅಪಾಯವಿಲ್ಲವೆಂದು ನಾನು ಹೇಳುವುದಿಲ್ಲ; ಫೋನ್ ಕೈಗೆ ಸಿಕ್ಕವರು ವ್ಯವಸ್ಥೆಯನ್ನೇ ತಿದ್ದಬಹುದು. ಆದರೆ ಅಪ್‌ಡೇಟ್ ನಿಂತು ಎಷ್ಟೋ ಕಾಲವಾದ ಫೋನನ್ನು ಅದೇ ಆ್ಯಪ್ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. ಇದು ನನಗೆ ಅನ್ಯಾಯವೆನಿಸುತ್ತದೆ. ಗೂಗಲ್‌ನ ಪಿಕ್ಸೆಲ್ ಫೋನ್‌ಗಳಲ್ಲಿ ಗ್ರ್ಯಾಫೀನ್ ಓಎಸ್ ಎಂಬ ಇನ್ನೊಂದು ಮುಕ್ತ ವ್ಯವಸ್ಥೆ ಹಾಕಿದ ಮೇಲೆ ಬೂಟ್‌ಲೋಡರಿಗೆ ಮತ್ತೆ ಬೀಗ ಹಾಕಬಹುದು. ಆದರೂ ಗೂಗಲ್ ಪ್ರಮಾಣೀಕರಿಸಿದ ವ್ಯವಸ್ಥೆಯೇ ಬೇಕೆನ್ನುವ ಆ್ಯಪ್‌ಗಳು ಅದನ್ನೂ ಒಪ್ಪದಿರಬಹುದು.

ಸದ್ಯಕ್ಕೆ ಬ್ಯಾಂಕ್ ವ್ಯವಹಾರವನ್ನು ಕಂಪ್ಯೂಟರಿನ ಬ್ರೌಸರ್‌ನಲ್ಲಿ ಮಾಡುತ್ತೇನೆ. ಜೇಬಿನಲ್ಲಿರುವುದು ಮುಕ್ತ ಫೋನ್. ಮುಂದಿನದನ್ನು ಕೊಳ್ಳುವ ಮೊದಲು ಲೀನಿಯೇಜ್‌ನ ಸಾಧನಗಳ ಪಟ್ಟಿಯನ್ನು ಮಾದರಿ ಸಂಖ್ಯೆಯ ಸಮೇತ ನೋಡುತ್ತೇನೆ. ಒಂದೇ ಹೆಸರಿನಲ್ಲಿ ಮಾರುವ ಫೋನ್‌ಗಳಲ್ಲೂ ಒಂದರ ಬೂಟ್‌ಲೋಡರ್ ತೆರೆಯುತ್ತದೆ, ಇನ್ನೊಂದರದು ತೆರೆಯುವುದಿಲ್ಲ.