ಸಿಲಿಕಾ, ಟೈಟಾನಿಯಾ, ಗ್ರಾಫೀನ್ ಆಕ್ಸೈಡ್: ಫ್ಯೂಯಲ್ ಸೆಲ್ ಪೊರೆಗೆ ಯಾವುದು ಹಾಕೋದು?

ಹೈಡ್ರೋಜನ್‌ನಂಥ ಇಂಧನದಿಂದ ನೇರವಾಗಿ ಕರೆಂಟ್ ತೆಗೆಯುವ ಫ್ಯೂಯಲ್ ಸೆಲ್‌ನ ಪೊರೆಗಳನ್ನು ಮಳೆಗಾಲದಲ್ಲಿ ಶಿವಮೊಗ್ಗದಲ್ಲಿ ಅಳೆದರೆ ಎಲ್ಲವೂ ಪಾಸಾಗುತ್ತವೆ. ಯಾವ ನ್ಯಾನೊ ಪುಡಿ ಹಾಕಿದ್ದರೂ ಸರಿ, ಏನೂ ಹಾಕದಿದ್ದರೂ ಸರಿ, ರೀಡಿಂಗ್ ಚೆನ್ನಾಗೇ ಬರುತ್ತದೆ. ಅದೇ ತುಂಡುಗಳನ್ನು ಮಾರ್ಚ್ ತಿಂಗಳ ಒಣ ಮಧ್ಯಾಹ್ನ ಮತ್ತೆ ಅಳೆದು ನೋಡಿ. ಕಾಳು ಯಾವುದು, ಜೊಳ್ಳು ಯಾವುದು ಅಂತ ಆಗ ಗೊತ್ತಾಗುತ್ತದೆ.

ಈ ಪೊರೆ ಪ್ರೋಟಾನನ್ನು ದಾಟಿಸಬೇಕು, ಎಲೆಕ್ಟ್ರಾನನ್ನು ತಡೆಯಬೇಕು, ಎರಡು ಕಡೆಯ ಹೈಡ್ರೋಜನ್ ಮತ್ತು ಆಮ್ಲಜನಕ ಬೆರೆಯದ ಹಾಗೆ ನೋಡಿಕೊಳ್ಳಬೇಕು. ಪ್ರೋಟಾನ್ ದಾಟೋಕೆ ಪೊರೆಯೊಳಗೆ ಆಮ್ಲದ ಗುಂಪುಗಳ ಜೊತೆ ನೀರೂ ಇರಬೇಕು. ನೀರು ಹೋಯಿತೋ, ದಾರಿ ಮುಚ್ಚಿತು. 1960ರ ದಶಕದಲ್ಲಿ ಡ್ಯೂಪಾಂಟ್‌ನ ವಾಲ್ಟರ್ ಗ್ರಾಟ್ ರೂಪಿಸಿದ ನಾಫಿಯಾನ್ ಅನ್ನುವ ಪಾಲಿಮರ್ ಪೊರೆ ಇವತ್ತಿಗೂ ಈ ಪೊರೆಗಳಿಗೆಲ್ಲ ದೊಡ್ಡಣ್ಣ. ಅದಕ್ಕೂ ಇದೇ ಕಾಯಿಲೆ. ಬಿಸಿ 80 ಡಿಗ್ರಿ ದಾಟಿ ನೂರರ ಹತ್ತಿರ ಹೋದರೆ ಒಣಗುತ್ತಾ ಸೋಲುತ್ತದೆ. ಅದಕ್ಕೇ ನ್ಯಾನೊ ಕಣ ಹಾಕುವುದು ವಾಹಕತೆ, ಅಂದರೆ ಪ್ರೋಟಾನ್ ಸಾಗಿಸುವ ಶಕ್ತಿ, ಏರಿಸೋಕೆ ಅಂತ ನಾನು ಲೆಕ್ಕ ಹಾಕುವುದಿಲ್ಲ. ನೀರು ಕಡಿಮೆಯಾದಾಗ ಆ ವಾಹಕತೆ ಕುಸಿಯಬಾರದು, ಅಷ್ಟೇ.

ನಾಫಿಯಾನ್ ಹಾಳೆ ನಮ್ಮಂಥ ಸಣ್ಣ ಲ್ಯಾಬಿನ ಕೈಗೆಟುಕುವುದಲ್ಲ. ನಾವು ಹಿಡಿದದ್ದು ಪಿವಿಎ, ಅಂದರೆ ಪಾಲಿವಿನೈಲ್ ಆಲ್ಕೊಹಾಲ್. ಬೆಲೆ ಕಡಿಮೆ, ವಿಷದ ದ್ರಾವಕ ಬೇಡ, 90 ಡಿಗ್ರಿ ಬಿಸಿನೀರಿನಲ್ಲಿ ಕಲಕುತ್ತಿದ್ದರೆ ಕರಗುತ್ತದೆ. ಅದಕ್ಕೆ ಸಲ್ಫೋಸಕ್ಸಿನಿಕ್ ಆಮ್ಲ. ಇದು ಪ್ರೋಟಾನ್‌ಗೆ ದಾರಿಯನ್ನೂ ಕೊಡುತ್ತದೆ, ಪಾಲಿಮರ್ ಸರಪಳಿಗಳನ್ನು ಒಂದಕ್ಕೊಂದು ಕಟ್ಟಿಯೂ ಹಾಕುತ್ತದೆ. ನ್ಯಾನೊ ಕಣ ಸೇರಿಸಿ, ಪೆಟ್ರಿ ಡಿಷ್‌ಗೆ ಸುರಿದು, ಒಣಗಿಸಿ, ಆಮೇಲೆ 120 ಡಿಗ್ರಿ ಓವನ್‌ನಲ್ಲಿ ಇಡಬೇಕು. ಜುಲೈನಲ್ಲಿ ಈ ಒಣಗಿಸುವುದೇ ಒಂದು ದೊಡ್ಡ ಕಥೆ. "ಈ ಮಳೇಲಿ ಬಟ್ಟೇನೇ ಒಣಗಲ್ಲ, ನಿಮ್ಮ ಹಾಳೆ ಒಣಗುತ್ತಾ ಮೇಡಂ?" ಅಂತ ಅಟೆಂಡರ್ ಅಣ್ಣ ಕೇಳುತ್ತಿದ್ದರು. ನ್ಯಾಯವಾದ ಪ್ರಶ್ನೆ.

ಟೈಟಾನಿಯಾ, ಅಂದರೆ ಟೈಟಾನಿಯಂ ಡೈಆಕ್ಸೈಡ್, ನೋಡೋಕೆ ಸುಲಭದ ಆಯ್ಕೆ. ಬಿಳಿ ಪುಡಿ, ತೂಗಿ ಹಾಕಿದರೆ ಆಯಿತು. ಆದರೆ ಭಾರದ ಪುಡಿ, ಕಲಕುವುದು ನಿಂತರೆ ಕೆಳಗೆ ಕೂರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿತ್ತು, ಕರೆಂಟ್ ಹೋಯಿತು, ಸ್ಟಿರರ್ ನಿಂತಿತು. ಒಣಗಿದ ಹಾಳೆಯನ್ನು ಬೆಳಕಿಗೆ ಹಿಡಿದರೆ ಎರಡು ಮುಖ ಕಾಣುತ್ತದೆ. ಮೇಲ್ಮುಖ ಹೊಳಪು, ಕೆಳಮುಖ ಸೀಮೆಸುಣ್ಣ ಸವರಿದಂತೆ ಮಂಕು. ಒದ್ದೆ ಮಾಡಿದರೆ ಎರಡೂ ಒಂದೇ ಸಮ ಉಬ್ಬುವುದಿಲ್ಲ, ಹಾಳೆ ಸುರುಳಿ ಸುತ್ತುತ್ತದೆ. ಅಂಥದ್ದನ್ನು ಎಲೆಕ್ಟ್ರೋಡ್ ನಡುವೆ ಒತ್ತೋದು ಹೇಗೆ? ಇನ್ನೊಂದು ಮಾತು, ಟೈಟಾನಿಯಾ ಬಿಸಿಲಿನ ನೇರಳಾತೀತ ಬೆಳಕು ಬಿದ್ದರೆ ಪಾಲಿಮರನ್ನೇ ಕಡಿಯುತ್ತದೆ. ಸೆಲ್ ಒಳಗೆ ಕತ್ತಲು, ಅಲ್ಲಿ ಚಿಂತೆಯಿಲ್ಲ. ಹಾಳೆಗಳನ್ನು ಕಿಟಕಿ ಪಕ್ಕ ಮಾತ್ರ ಇಡಬೇಡಿ.

ಕಾರ್ಬನ್ ನ್ಯಾನೊಟ್ಯೂಬ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಾಳೆಗೆ ಬಲ ಬರುತ್ತದೆ, ನಿಜ. ಆದರೆ ಅದು ಎಲೆಕ್ಟ್ರಾನನ್ನು ಸಾಗಿಸುವ ವಸ್ತು. ಸ್ವಲ್ಪ ಕೈ ಮೀರಿದರೂ ಪೊರೆಯೊಳಗೇ ಶಾರ್ಟ್ ಸರ್ಕ್ಯೂಟ್. ನೀರಿನಲ್ಲಿ ಬೆರೆಯೋದೂ ಇಲ್ಲ, ಮೊದಲು ಗಟ್ಟಿ ಆಮ್ಲದಲ್ಲಿ ಕುದಿಸಬೇಕು. ಪಿವಿಎಗೆ ಇದು ಬೇಡವೇ ಬೇಡ.

ಗ್ರಾಫೀನ್ ಆಕ್ಸೈಡ್ ನನಗೆ ಇಷ್ಟವಾದದ್ದು. ಇಂಗಾಲದ ತೆಳು ಪದರಗಳ ಮೈತುಂಬ ಆಮ್ಲಜನಕದ ಗುಂಪುಗಳಿರುವುದರಿಂದ ನೀರಿನಲ್ಲಿ ಚೆನ್ನಾಗಿ ಹರಡುತ್ತದೆ, ಪಿವಿಎ ಜೊತೆ ಒಗ್ಗುತ್ತದೆ, ಕರೆಂಟ್ ಹೋದರೂ ತಳ ಸೇರುವುದಿಲ್ಲ. ಪಾಲಿಮರ್ ತೂಕದ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ ಹಾಕಿದರೂ ಹಾಳೆ ಗಡುಸಾಗುತ್ತದೆ. ಮೆಥನಾಲ್ ಬಳಸುವ ಸೆಲ್ ಆದರೆ ಇದಕ್ಕೆ ಸಾಟಿ ಇಲ್ಲ. ಚಪ್ಪಟೆ ಪದರಗಳು ಅಡ್ಡ ಬರುವುದರಿಂದ ಮೆಥನಾಲ್ ಸುತ್ತಿ ಬಳಸಿ ದಾಟಬೇಕು, ಸೋರಿಕೆ ಕಡಿಮೆ. ತೊಂದರೆ ಎರಡು. ಒಂದು, ಇದನ್ನು ಲ್ಯಾಬಿನಲ್ಲೇ ಮಾಡುವುದು. 1958ರ ಹಮ್ಮರ್ಸ್ ವಿಧಾನದಲ್ಲಿ ಗಂಧಕಾಮ್ಲಕ್ಕೆ ಪರ್ಮಾಂಗನೇಟ್ ಹಾಕಬೇಕು. ಮಂಜುಗಡ್ಡೆ ಇಲ್ಲದೆ ಆ ಕೆಲಸಕ್ಕೆ ಇಳಿಯಲೇಬಾರದು, ಬಿಸಿ ಏರಿದರೆ ಸಿಡಿಯುತ್ತದೆ. ಆಮೇಲೆ ತೊಳೆಯೋದು, ತೊಳೆಯೋದು, ತೊಳೆಯೋದು. ಆಮ್ಲ ಹೋದ ಹಾಗೆಲ್ಲ ಅದು ಲೋಳೆಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಎರಡನೆಯದು ಓವನ್. ಜೇನುಕಂದು ಬಣ್ಣದ ಹಾಳೆ ಒಳಗೆ ಹೋಗುತ್ತದೆ, ಹೊರಗೆ ಬರುವಾಗ ಕಪ್ಪು. ಬಿಸಿಗೆ ಆಮ್ಲಜನಕದ ಗುಂಪುಗಳು ಒಂದಷ್ಟು ಉದುರಿವೆ ಅಂತ ಅರ್ಥ. ನೀರು ಹಿಡಿಯುತ್ತಿದ್ದದ್ದು ಅವೇ ತಾನೇ?

ಕೊನೆಗೆ ಸಿಲಿಕಾ, ಮರಳಿನಲ್ಲಿರುವ ವಸ್ತುವೇ. ಪುಡಿಯಾಗಿ ಹಾಕಿದರೆ ಇದೂ ಗಂಟು ಕಟ್ಟುತ್ತದೆ. ಇದರ ಗುಟ್ಟು ಇರುವುದು ದ್ರಾವಣದೊಳಗೇ ಬೆಳೆಸುವುದರಲ್ಲಿ. ಸಿಲಿಕಾ ಹುಟ್ಟಿಸುವ ಟಿಇಒಎಸ್ (ಟೆಟ್ರಾಈಥೈಲ್ ಆರ್ಥೊಸಿಲಿಕೇಟ್) ಅನ್ನುವ ದ್ರವ ಹಾಕಿದರೆ ಮೊದಲು ಬೇರೆಯಾಗಿ ತೇಲುತ್ತದೆ, ಬೀಕರ್ ಮಂಕಾಗಿ ಕಾಣುತ್ತದೆ. ಕಲಕುತ್ತಿದ್ದ ಹಾಗೆ ನೀರಿನ ಜೊತೆ ವರ್ತಿಸಿ ತಿಳಿಯಾಗುತ್ತದೆ. ಅದಕ್ಕೆ ಬೇಕಾದ ಆಮ್ಲ ಬೀಕರ್‌ನಲ್ಲೇ ಇದೆ, ಬೇರೆ ಹಾಕಬೇಕಾಗಿಲ್ಲ. ಕಣ ಹುಟ್ಟುವುದೇ ಪಾಲಿಮರ್ ನಡುವೆ ಆದ್ದರಿಂದ ತಳ ಸೇರುವ ಮಾತೇ ಇಲ್ಲ. ಹಾಳೆ ಗಾಜಿನಷ್ಟು ತಿಳಿ.

ತುಂಬಾ ತೇವ ಇರುವಾಗ ಸಿಲಿಕಾ ಹಾಳೆಯ ವಾಹಕತೆ ಬರೀ ಪಿವಿಎ ಹಾಳೆಗಿಂತ ತುಸು ಕಡಿಮೆಯೇ. ಸಿಲಿಕಾ ತಾನಾಗಿ ಪ್ರೋಟಾನ್ ಸಾಗಿಸುವುದು ಅಷ್ಟಕ್ಕಷ್ಟೆ, ಸುಮ್ನೆ ಜಾಗ ಹಿಡಿಯುತ್ತದೆ. ಜುಲೈ ರೀಡಿಂಗ್ ನಂಬಿದವರು ಇದನ್ನು ಪಕ್ಕಕ್ಕೆ ತಳ್ಳುತ್ತಾರೆ. ಮಾರ್ಚ್‌ನಲ್ಲಿ ಆಟ ಬದಲಾಗುತ್ತದೆ. ನೆನೆಸಿದ ತುಂಡನ್ನು ಫಿಲ್ಟರ್ ಪೇಪರ್‌ನಲ್ಲಿ ಒರೆಸಿ ಬ್ಯಾಲೆನ್ಸ್ ಮೇಲೆ ಇಟ್ಟರೆ ಕೊನೆಯ ಅಂಕಿಗಳು ಕಣ್ಣೆದುರೇ ಇಳಿಯುತ್ತವೆ. ಬರೀ ಪಿವಿಎ ಬರೆದುಕೊಳ್ಳೋಕೂ ಬಿಡುವುದಿಲ್ಲ. ಸಿಲಿಕಾ ತುಂಡು ನಿಧಾನ. ಸ್ಟೀಲ್ ಪ್ಲೇಟ್ ನಡುವೆ ಇಟ್ಟು ಅಳೆದಾಗಲೂ ಕೊನೆಯವರೆಗೆ ತಡೆದುಕೊಂಡದ್ದು ಅದೇ. 1996ರಲ್ಲೇ ಜಪಾನಿನ ಮಸಾಹಿರೊ ವತನಬೆ ತಂಡ ನಾಫಿಯಾನ್‌ಗೆ ಪ್ಲಾಟಿನಂ ಜೊತೆ ಸಿಲಿಕಾ, ಟೈಟಾನಿಯಾ ಕಣ ಸೇರಿಸಿ, ತನ್ನ ತೇವವನ್ನು ತಾನೇ ಕಾಪಾಡಿಕೊಳ್ಳುವ ಪೊರೆ ಮಾಡಿತ್ತು. ಅಲ್ಲೂ ಆಕ್ಸೈಡ್‌ನ ಕೆಲಸ ಇದೇ, ನೀರು ಹಿಡಿದಿಡುವುದು.

ಸಿಲಿಕಾದ ಕೆಟ್ಟ ಗುಣ, ಆಸೆಪಟ್ಟು ಜಾಸ್ತಿ ಹಾಕಿದರೆ ಹಾಳೆ ಬಿರುಸಾಗಿ ಮಡಚಿದ ಕಡೆ ಚಟ್ ಅಂತ ಸೀಳುತ್ತದೆ. ನೂರಕ್ಕೆ ಐದರ ಆಸುಪಾಸಿನಲ್ಲಿ ನಿಲ್ಲಿಸಿದರೆ ಕ್ಷೇಮ.

ಹೈಡ್ರೋಜನ್ ಸೆಲ್‌ಗೆ ನನ್ನ ಓಟು ಸಿಲಿಕಾಕ್ಕೆ. ಮೆಥನಾಲ್ ಸೆಲ್ ಆದರೆ, ರೆಡಿ ದ್ರಾವಣ ಕೊಳ್ಳೋಕೆ ದುಡ್ಡಿದ್ದರೆ, ಗ್ರಾಫೀನ್ ಆಕ್ಸೈಡ್. ಸಿಲಿಕಾ ಕಣಕ್ಕೇ ಸಲ್ಫೋನಿಕ್ ಆಮ್ಲದ ಗುಂಪು ಅಂಟಿಸಿದರೆ ಅದೂ ಪ್ರೋಟಾನ್ ಸಾಗಿಸುತ್ತದೆ, ಜುಲೈನ ಆ ಕೊರತೆಯೂ ತುಂಬುತ್ತದೆ. ಅದಕ್ಕೆ ಮರ್ಕಾಪ್ಟೊ ಸೈಲೇನ್ ಅನ್ನುವ ಗಂಧಕವಿರುವ ರಾಸಾಯನಿಕ ಬೇಕು. ಕೊಳ್ಳುವ ಮುಂಚೆ ಫ್ಯೂಮ್ ಹುಡ್ ಸರಿಯಾಗಿ ಎಳೆಯುತ್ತದಾ ನೋಡಿಕೊಳ್ಳಿ. ಆ ವಾಸನೆಗೆ ಪಕ್ಕದ ಲ್ಯಾಬಿನವರೆಲ್ಲ ಎದ್ದು ಬರುತ್ತಾರೆ.