ಡಕ್ಟ್ ಕೆಳಗೆ ಬೆಂಕಿ ಬಿದ್ದರೆ? ಒಂದು ಸ್ಪ್ರಿಂಕ್ಲರ್ ತಪಾಸಣೆ ಸೇವೆಯ ವಿಮರ್ಶೆ

ನಮ್ಮದು ಬನಶಂಕರಿ ಮೂರನೇ ಹಂತದಲ್ಲಿರುವ ಅಪಾರ್ಟ್‌ಮೆಂಟ್. ಕೆಳಗೆ ಎರಡು ಬೇಸ್‌ಮೆಂಟ್‌ಗಳಿವೆ. ಮಾಲೀಕರ ಸಂಘದ ಖಜಾಂಚಿ ನಾನು. ಚೆಕ್ಕಿಗೆ ಸಹಿ ಹಾಕುವವಳು ನಾನಾದ್ದರಿಂದ ಕೆಲಸ ಹೇಗಾಯಿತೆಂದು ಕಣ್ಣಾರೆ ನೋಡದೆ ದುಡ್ಡು ಬಿಚ್ಚುವುದಿಲ್ಲ. ಬೆಂಕಿ ಬಿದ್ದರೆ ಮೇಲಿನಿಂದ ತಾನಾಗಿಯೇ ನೀರು ಸಿಂಪಡಿಸುವ ಸ್ಪ್ರಿಂಕ್ಲರ್‌ಗಳ ತಪಾಸಣೆಗೆ ಈ ವರ್ಷ ಹೊಸ ಸಂಸ್ಥೆಯೊಂದನ್ನು ಕರೆಸಿದೆವು. ಹೆಸರು ಬರೆಯುವುದಿಲ್ಲ, ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ತಪಾಸಣೆಗೆ ಪೂರ್ಣ ಅಂಕ ಕೊಡುತ್ತೇನೆ, ಕಾಮಗಾರಿಗೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

ಹಿಂದಿನ ಗುತ್ತಿಗೆಯವರು ಬಂದರೆ ಪಂಪ್ ಕೋಣೆಯಲ್ಲಿ ಒತ್ತಡದ ಮುಳ್ಳು ನೋಡಿ, ಟೆಸ್ಟ್ ವಾಲ್ವ್ ತಿರುಗಿಸಿ, ಗಂಟೆ ಬಾರಿಸಿತೆಂದು ರಿಜಿಸ್ಟರಿನಲ್ಲಿ ಗೀಚಿ ಹೊರಡುತ್ತಿದ್ದರು. ಪೈಪಿನಲ್ಲಿ ನೀರಿದೆ ಎಂಬುದು ಅದರಿಂದ ಗೊತ್ತಾಗುತ್ತದೆ, ಸರಿ. ಆ ನೀರು ಬೆಂಕಿಯ ಮೇಲೆ ಬೀಳುತ್ತದೆಯೇ ಎಂದು ಅವರಲ್ಲಿ ಒಬ್ಬರೂ ತಲೆಯೆತ್ತಿ ನೋಡಿದ್ದಿಲ್ಲ. ಹೊಸ ಸಂಸ್ಥೆಯ ಎಂಜಿನಿಯರ್ ಪಂಪ್ ಕೋಣೆಯನ್ನು ಕೊನೆಗಿಟ್ಟುಕೊಂಡು, ಬಂದವರೇ ಏಣಿ ಕೇಳಿದರು.

ಕೆಳಗಿನ ಬೇಸ್‌ಮೆಂಟಿನಲ್ಲಿ ಹೊಗೆ ಹೊರಹಾಕುವ ಎಕ್ಸಾಸ್ಟ್ ಡಕ್ಟ್, ಅಂದರೆ ತಗಡಿನ ಗಾಳಿಕೊಳವೆ, ಇದೆ. ಕಟ್ಟಡ ಕಟ್ಟುವಾಗ ಇದ್ದದ್ದು ಸಣ್ಣದು. ಆಮೇಲೆ ಸಾಲದೆಂದು ಹೊಸದನ್ನು ಹಾಕಿಸಿದಾಗ ತಗಡಿನ ಕೆಲಸದವರು ಅದನ್ನು ನೇರವಾಗಿ ಸ್ಪ್ರಿಂಕ್ಲರ್ ಸಾಲಿನ ಕೆಳಗೇ ತೂಗುಹಾಕಿ ಹೋಗಿದ್ದಾರೆ. ಎಂಜಿನಿಯರ್ ಟೇಪು ಹಿಡಿದು ಅಗಲ ಓದಿದರು: 1,400 ಮಿ.ಮೀ. 'ಮೇಡಂ, ಇದರ ಅಡಿಯಲ್ಲಿ ನಿಲ್ಲುವ ಕಾರುಗಳಿಗೆ ಈ ಡಕ್ಟೇ ಕೊಡೆ ಹಿಡಿಯುತ್ತದೆ' ಎಂದರು. ಸ್ಪ್ರಿಂಕ್ಲರಿನ ಬಾಯಲ್ಲಿ ನೀರನ್ನು ತಡೆದಿಟ್ಟಿರುವ ಗಾಜಿನ ಬಲ್ಬು ಶಾಖಕ್ಕೆ ಒಡೆದರೆ 1 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 80 ಲೀಟರ್ ನೀರು ಸುರಿಯುತ್ತದೆ. ನಮ್ಮಲ್ಲಿ ಅದಷ್ಟೂ ತಗಡಿನ ಬೆನ್ನ ಮೇಲೆ ಬಿದ್ದು ಎರಡೂ ಅಂಚುಗಳಿಂದ ಇಳಿದು ಹೋಗುತ್ತಿತ್ತು. ಅಡೆತಡೆಗಳ ವಿಷಯಕ್ಕೆ ಅವರು ಹಿಡಿದದ್ದು ಎನ್‌ಎಫ್‌ಪಿಎ 13 ಎಂಬ ಅಮೆರಿಕದ ಮಾನದಂಡವನ್ನು. ಅದರ ಪ್ರಕಾರ 4 ಅಡಿಗಿಂತ, ಅಂದರೆ ಸುಮಾರು 1,200 ಮಿ.ಮೀ.ಗಿಂತ ಅಗಲವಾದ ಡಕ್ಟ್ ಇದ್ದರೆ ಅದರ ಕೆಳಗೂ ಸ್ಪ್ರಿಂಕ್ಲರ್ ಬೇಕು.

ಮುಂದೆ ಹೋದರೆ ಯಾರೋ ಬುದ್ಧಿವಂತರು ಡಕ್ಟಿನ ಪಕ್ಕದ ನಾಲ್ಕೈದು ಸ್ಪ್ರಿಂಕ್ಲರ್‌ಗಳನ್ನು ಉದ್ದನೆಯ ಪೈಪು ಕೊಟ್ಟು ಎರಡಡಿ ಕೆಳಗಿಳಿಸಿದ್ದರು. ನೀರಿಗೆ ದಾರಿಯಾಯಿತು, ಶಾಖಕ್ಕೆ ತಪ್ಪಿತು. ಬಿಸಿಗಾಳಿ ಮೊದಲು ತಾರಸಿಗೆ ತಗುಲಿ ಅದರ ಅಡಿಯಲ್ಲೇ ಹರಡುತ್ತದೆ. ಮಟ್ಟಸ ತಾರಸಿಯಾದರೆ ಸ್ಪ್ರಿಂಕ್ಲರಿನ ಡಿಫ್ಲೆಕ್ಟರ್, ಅಂದರೆ ನೀರನ್ನು ಸುತ್ತಲೂ ಚದುರಿಸುವ ತಟ್ಟೆ, ಅದರಿಂದ 25ರಿಂದ 305 ಮಿ.ಮೀ. ಒಳಗೆ ಇರಬೇಕು. ಎರಡಡಿ ಕೆಳಗಿದ್ದರೆ ಬಲ್ಬು ಕಾಯುವುದು ತಡವಾಗುತ್ತದೆ, ಅಷ್ಟರಲ್ಲಿ ಪಕ್ಕದ ಕಾರಿಗೂ ಹತ್ತಿಕೊಂಡಿರುತ್ತದೆ. ಒಳಚರಂಡಿಯ 150 ಮಿ.ಮೀ. ಪೈಪಿಗೆ ಅಂಟಿಕೊಂಡಂತೆ ಇದ್ದ ಒಂದನ್ನೂ ತೋರಿಸಿದರು. ಪೈಪು ಎಷ್ಟು ದಪ್ಪವೋ ಅದರ ಮೂರರಷ್ಟು ದೂರ, ಇಲ್ಲಿ 450 ಮಿ.ಮೀ., ಬಿಡಬೇಕಂತೆ. ಇಲ್ಲದಿದ್ದರೆ ಸಿಂಪಡಣೆಯಲ್ಲಿ ಒಂದು ಪಟ್ಟಿ ಒಣದಾಗಿಯೇ ಉಳಿಯುತ್ತದೆ.

ಜನರೇಟರ್ ಕೋಣೆಯಲ್ಲಿ ನನಗೆ ನಿಜಕ್ಕೂ ಗಾಬರಿಯಾಯಿತು. ಸೈಲೆನ್ಸರಿನ ಹತ್ತಿರವೇ ಕೆಂಪು ಬಲ್ಬಿನ ಸ್ಪ್ರಿಂಕ್ಲರ್ ಇತ್ತು. ಕೆಂಪು ಒಡೆಯುವುದು 68 ಡಿಗ್ರಿಗೆ, ಮಾಮೂಲಿ ದಿನಗಳಲ್ಲಿ ತಾರಸಿಯ ಬಳಿ 38 ಡಿಗ್ರಿ ಮೀರದ ಜಾಗಕ್ಕೆ ಮಾತ್ರ ಅದು ಸಲ್ಲುತ್ತದೆ. ಕರೆಂಟು ಹೋದ ಏಪ್ರಿಲ್ ಮಧ್ಯಾಹ್ನ ಆ ಕೋಣೆಗೆ ಕಾಲಿಟ್ಟವರಿಗೆ 38 ಎಂಬುದು ತಂಪು ಅನಿಸೀತು. ಬೆಂಕಿಯೇ ಇಲ್ಲದೆ ಬಲ್ಬು ಒಡೆದು ಓಡುತ್ತಿರುವ ಜನರೇಟರಿನ ಮೇಲೆ ನೀರು ಸುರಿದರೆ ರಿಪೇರಿ ಬಿಲ್ಲು ನನ್ನ ಮೇಜಿಗೇ ಬರುತ್ತದೆ. ಅಲ್ಲಿಗೆ 93 ಡಿಗ್ರಿಯ ಹಸಿರು ಬಲ್ಬು ಹಾಕಿಸಿದರು. ಸುಣ್ಣಬಣ್ಣದವರು ಬಣ್ಣ ಮೆತ್ತಿದ್ದ ಸ್ಪ್ರಿಂಕ್ಲರ್‌ಗಳನ್ನು ಥಿನ್ನರಿನಲ್ಲಿ ಒರೆಸಿದರೆ ಸಾಲದೇ ಎಂದು ನಮ್ಮ ಕಾರ್ಯದರ್ಶಿಯವರು ಕೇಳಿದಾಗ ಸಾಲದೆಂದರು, ಎಲ್ಲವನ್ನೂ ಬದಲಿಸಿದರು. ಅದೇ ನಿಯಮವಂತೆ.

ಇನ್ನು ಕಾಮಗಾರಿಯ ಕಥೆ. ತಪಾಸಣೆಗೆ ಬಂದವರಿಗೂ ಪೈಪು ಜೋಡಿಸಲು ಬಂದವರಿಗೂ ಮಾತುಕತೆಯೇ ಇದ್ದಂತಿರಲಿಲ್ಲ. ಡಕ್ಟಿನ ಕೆಳಗಿನ ಹೊಸ ಸಾಲಿಗೆ ನೀರು ತರುವ ಪೈಪನ್ನು ಎಕ್ಸಾಸ್ಟ್ ಫ್ಯಾನಿನ ಬಾಗಿಲಿಗೆ ಅಡ್ಡಲಾಗಿ ಎಳೆದುಬಿಟ್ಟರು. ನಮ್ಮ ಎಲೆಕ್ಟ್ರಿಷಿಯನ್ ನೋಡಿ, 'ಅಮ್ಮಾ, ನಾಳೆ ಮೋಟಾರ್ ಇಳಿಸಬೇಕಾದರೆ ಮೊದಲು ಈ ಪೈಪು ಕತ್ತರಿಸಬೇಕಾಗುತ್ತದೆ' ಎಂದರು. ಯಂತ್ರಕ್ಕೂ ಸ್ಪ್ರಿಂಕ್ಲರಿಗೂ ನಡುವೆ ಅಂತರ ಬಿಡಿಸಲು ಬಂದವರು ಯಂತ್ರದ ಬಾಗಿಲನ್ನೇ ಮುಚ್ಚಿದರೆ ಏನು ಹೇಳುವುದು! ಎರಡು ಎಲ್ಬೋ ಹಾಕಿ ಪೈಪನ್ನು ಸುತ್ತಿಸಿದರು, ಅದಕ್ಕೂ ಹೆಚ್ಚುವರಿ ಬಿಲ್ಲು ಮಾಡಿದರು. ನಾನು ಕೊಡುವುದಿಲ್ಲವೆಂದೆ.

ಕೊಟೇಶನ್ನಿನಲ್ಲಿ ಇಲ್ಲದ ಇನ್ನೊಂದು ಬಾಬತ್ತು ಪೈಪು ಖಾಲಿ ಮಾಡಿ ಮತ್ತೆ ತುಂಬಿಸುವುದು. ವರ್ಷಗಟ್ಟಲೆ ನಿಂತ ಆ ನೀರು ಮಸಿಯಂತೆ ಕಪ್ಪಗಿರುತ್ತದೆ, ಕೊಳೆತ ವಾಸನೆ ಬೇರೆ. ಅದನ್ನು ಮೋರಿಗೆ ಬಿಡದೆ ಅತಿಥಿಗಳ ಪಾರ್ಕಿಂಗಿಗೆ ಹರಿಸಿ ಊಟಕ್ಕೆ ಹೋದರು. ವಾಲ್ವ್ ಮುಚ್ಚಿದ್ದೇವೆ, ತೆರೆಯುವವರೆಗೆ ಬೇಸ್‌ಮೆಂಟಿಗೆ ರಕ್ಷಣೆ ಇಲ್ಲ ಎಂದು ಕಾವಲುಗಾರರಿಗೆ ಹೇಳುವ ಗೋಜಿಗೂ ಹೋಗಲಿಲ್ಲ. ನೀರಿನ ಗಲೀಜನ್ನಾದರೂ ಕ್ಷಮಿಸಿಯೇನು, ಇದನ್ನು ಮಾತ್ರ ಆಗದು.

ಸ್ಪ್ರಿಂಕ್ಲರ್‌ಗಳ ಕೆಳಗೆ ಪೇರಿಸಿಟ್ಟ ಸಾಮಾನು ರಾಶಿಯ ವಿಷಯ ಸಂಸ್ಥೆಯದಲ್ಲ, ನಮ್ಮವರದು. ಡಿಫ್ಲೆಕ್ಟರಿನ ಕೆಳಗೆ 457 ಮಿ.ಮೀ. ಖಾಲಿ ಇರಬೇಕೆಂದು ಎಂಜಿನಿಯರ್ ಗೋಡೆಗೆ ಕೆಂಪು ಗೆರೆ ಎಳೆದುಕೊಟ್ಟರು. ಒಬ್ಬರ ಹಳೆಯ ಮಂಚ ಇನ್ನೂ ಗೆರೆಯ ಮೇಲೆ ಕಾಲು ಚಾಚಿಕೊಂಡಿದೆ. ಮಗಳ ಮದುವೆಯದಂತೆ, ಮಾರುವಂತಿಲ್ಲವಂತೆ.

ಈ ಸಂಸ್ಥೆಯನ್ನು ಕರೆಸುವವರು ತಪಾಸಣೆಗೆ ಬಂದ ಎಂಜಿನಿಯರೇ ಪೈಪು ಎಳೆಯುವ ದಿನವೂ ಸ್ಥಳದಲ್ಲಿ ಇರಬೇಕೆಂದು ಬರವಣಿಗೆಯಲ್ಲಿ ಪಡೆಯಿರಿ. ಡಕ್ಟ್, ಕೇಬಲ್ ಟ್ರೇ, ಫ್ಯಾನ್ ಬಾಗಿಲುಗಳನ್ನು ಗುರುತಿಸಿದ ನಕ್ಷೆಯನ್ನು ಮೊದಲೇ ಕೇಳಿ. ನಮಗೆ ಬದಲಾದ ಸ್ಪ್ರಿಂಕ್ಲರ್‌ಗಳನ್ನೆಲ್ಲ ತೋರಿಸುವ ಅಂತಿಮ ನಕ್ಷೆ ಇನ್ನೂ ಬಂದಿಲ್ಲ. ಅದು ಕೈಸೇರುವವರೆಗೆ ಬಿಲ್ಲಿನ ಶೇ 10 ನನ್ನ ಬಳಿಯೇ ಇರುತ್ತದೆ.